ಬಟ್ಟಲಿನ ತಳದಲ್ಲಿ ಪೆಟ್ರೋಲು

ಹಲಗೂರಿನಿಂದ ಕಾಡುದಾರಿ ಹಿಡಿದು ಮುತ್ತತ್ತಿಗೆ ಇಳಿದರೆ ಕಾವೇರಿ ದಡದಲ್ಲಿ ಬೋರಲು ಹಾಕಿದ ತೆಪ್ಪಗಳು ಕಾಣುತ್ತವೆ. ಬಿದಿರಿನ ದಬ್ಬೆಯಲ್ಲಿ ಹೆಣೆದ ಬುಟ್ಟಿ, ಹೊರಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟಾರು. ಅಷ್ಟೇ. ತಂತಿಯಿಲ್ಲ, ಪೆಟ್ರೋಲಿಲ್ಲ, ಕಿಡಿ ಹಾರುವ ಸಾಮಾನು ಒಂದೂ ಇಲ್ಲ. ಸುಳಿ, ಬಂಡೆ, ಅಣೆಕಟ್ಟೆಯಿಂದ ಬಿಟ್ಟ ನೀರು: ತೆಪ್ಪದ ಗಂಡಾಂತರಗಳೆಲ್ಲ ಹೊಳೆಯಿಂದ ಬರುವಂಥವು. ಮೋಟಾರು ದೋಣಿಯ ಕತೆ ಬೇರೆ. ಕಬಿನಿ ಹಿನ್ನೀರಿನಲ್ಲಿ ಆನೆ ನೋಡಲು ಹೋದವರು ಕುಳಿತದ್ದು ಅಂಥ ದೋಣಿಯಲ್ಲೇ. ಅಲ್ಲಿ ಇನ್ನೊಂದು ಗಂಡಾಂತರ ನಮ್ಮ ಕಾಲ ಬುಡದಲ್ಲೇ ಕುಳಿತಿರುತ್ತದೆ.

ಯಾಕೆಂದರೆ ದೋಣಿ ಎಂಬುದು ಒಂದು ಬಟ್ಟಲು. ಹೊರಗಿನ ನೀರು ಒಳಗೆ ಬಾರದಂತೆ ಮಾಡಿದ ಗೋಡೆಯೇ ಒಳಗೆ ಬಿದ್ದದ್ದನ್ನು ಹೊರಗೂ ಬಿಡುವುದಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಬೈಕಿನ ಟ್ಯಾಂಕು ಸೋರಿದರೆ ಆವಿ ರಸ್ತೆಯಲ್ಲಿ ಹರಡಿ ಗಾಳಿಗೆ ಚದುರಿಹೋಗುತ್ತದೆ. ದೋಣಿಯಲ್ಲಿ ಅದು ಕಣ್ಣಿಗೆ ಕಾಣದ ನೀರಿನಂತೆ ತಳಕ್ಕಿಳಿದು ಹಲಗೆಯ ಕೆಳಗೆ, ಬ್ಯಾಟರಿಯ ಪಕ್ಕ ನಿಲ್ಲುತ್ತದೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹತ್ತಿಕೊಳ್ಳುವಷ್ಟು ಆವಿ ಬಿಡುವ ದ್ರವ ಇದು, ಮಂಡ್ಯದ ಬಿಸಿಲಿನಲ್ಲಿ ಕೇಳಬೇಕೇ? ಗಾಳಿಯಲ್ಲಿ ಈ ಆವಿ ನೂರಕ್ಕೆ ಸುಮಾರು 1.4ರಿಂದ 7.6 ಪಾಲು ಇದ್ದಾಗ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿದೆ: 100 ಮಿಲಿಲೀಟರ್, ಅಂದರೆ ಒಂದು ಸಣ್ಣ ಲೋಟದ ಪೆಟ್ರೋಲು ಪೂರ್ತಿ ಆವಿಯಾದರೆ ಸಾವಿರ ಲೀಟರಿಗೂ ಹೆಚ್ಚು ಗಾಳಿಯನ್ನು ಸ್ಫೋಟಕ್ಕೆ ಸಿದ್ಧ ಮಾಡಬಲ್ಲದು. ಸಣ್ಣ ದೋಣಿಯ ಹೊಟ್ಟೆಗೆ ಅದು ಧಾರಾಳವಾಯಿತು.

ಇನ್ನು ಕಿಡಿ. ಈ ಆವಿಯನ್ನು ಹೊತ್ತಿಸಲು 0.2 ಮಿಲಿಜೂಲ್ ಆಸುಪಾಸಿನ ಶಕ್ತಿ ಸಾಕು. ಒಣಹವೆಯ ದಿನ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಾಗಿಲ ಚಿಲಕ ಮುಟ್ಟಿದಾಗ ಬೆರಳ ತುದಿಯಲ್ಲಿ ಚುರ್ ಅನ್ನುತ್ತದಲ್ಲ, ಆಗ ಮೈಮೇಲೆ 3000 ವೋಲ್ಟಿನಷ್ಟು ಸ್ಥಾಯಿ ವಿದ್ಯುತ್ತು ಇರುತ್ತದೆ. ಆ ಕಿಡಿಯ ಶಕ್ತಿ ಅರ್ಧ ಮಿಲಿಜೂಲಿನ ಹತ್ತಿರ. ಅಂದರೆ ನಮಗೆ ಚುರುಕು ಮುಟ್ಟಿಸಿದ ಕಿಡಿ ಪೆಟ್ರೋಲಿಗೆ ಬೇಕಾದ್ದಕ್ಕಿಂತ ಎರಡು ಪಟ್ಟು ದೊಡ್ಡದು.

ಪೆಟ್ರೋಲು ಪೈಪಿನಲ್ಲಿ ಹರಿಯುವಾಗಲೂ ಇದೇ ವಿದ್ಯುತ್ತು ಹುಟ್ಟುತ್ತದೆ. ಪೆಟ್ರೋಲು ವಿದ್ಯುತ್ತನ್ನು ಸಲೀಸಾಗಿ ಹರಿಯಗೊಡದ ದ್ರವವಾದ್ದರಿಂದ ಅದು ಅಲ್ಲೇ ಸೇರಿಕೊಳ್ಳುತ್ತದೆ. ಅದಕ್ಕೆ ದಾರಿ ಬೇಕು. ನೆಲದ ಮೇಲಾದರೆ ದಾರಿ ನಮಗೆಲ್ಲ ಗೊತ್ತು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಕಳಿಸಿದ ಸೀಮೆ ಇದು. ಪಂಪ್‌ಸೆಟ್ ಮನೆಯ ಪಕ್ಕದ ಅರ್ತ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ, ಬೇಸಿಗೆಯಲ್ಲಿ ಒಂದು ಕೊಡ ನೀರು ಹುಯ್ಯಬೇಕೆಂದು ಇಲ್ಲಿನ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೋಣಿಯಲ್ಲಿ ಗುಂಡಿ ತೋಡುವುದೆಲ್ಲಿ? ಫೈಬರಿನ ಒಡಲು ವಿದ್ಯುತ್ತನ್ನು ಬಿಡುವುದಿಲ್ಲ. ಪೆಟ್ರೋಲು ಸುರಿಯುವ ಲೋಹದ ಬಾಯಿಗೂ ಒಳಗಿನ ಟ್ಯಾಂಕಿಗೂ ನಡುವೆ ರಬ್ಬರ್ ಕೊಳವೆ, ಅದೂ ಬಿಡುವುದಿಲ್ಲ. ಹೀಗೆ ಒಂದೊಂದು ಲೋಹದ ತುಂಡೂ ದ್ವೀಪವಾಗಿ ಉಳಿಯುತ್ತದೆ. ಕಿಡಿ ಹಾರುವುದು ದ್ವೀಪದಿಂದ ದ್ವೀಪಕ್ಕೆ.

ಆದ್ದರಿಂದ ದೋಣಿಯ ಅರ್ತಿಂಗ್ ಎಂದರೆ ಮೊದಲು ಈ ದ್ವೀಪಗಳನ್ನು ಒಂದಕ್ಕೊಂದು ಕಟ್ಟುವುದು. ಸುರಿಯುವ ಬಾಯಿ, ಟ್ಯಾಂಕು, ಎಂಜಿನ್ನು, ನೀರಿನಲ್ಲಿ ಮುಳುಗಿರುವ ಲೋಹ, ಎಲ್ಲಕ್ಕೂ ಒಂದೇ ತಂತಿಯ ನಂಟು. ಇಂಧನ ತಾಗುವ ಪ್ರತಿ ಲೋಹದ ಭಾಗದಿಂದ ಅರ್ತ್‌ವರೆಗಿನ ಪ್ರತಿರೋಧ 100 ಓಮ್‌ಗಿಂತ ಕಡಿಮೆ ಇರಬೇಕೆಂದು ಅಮೆರಿಕದ ಕೋಸ್ಟ್ ಗಾರ್ಡ್ ನಿಯಮ ಹೇಳುತ್ತದೆ. ಸಾಮಾನ್ಯ ಮೀಟರಿನಲ್ಲಿ ಎರಡು ನಿಮಿಷದ ಪರೀಕ್ಷೆ. ತಂತಿಯ ತುದಿಯನ್ನು ರಬ್ಬರ್ ಕೊಳವೆಯ ಒಳಗೆ ತೂರಿಸಿ ಕ್ಲಿಪ್ ಬಿಗಿಯುವವರಿದ್ದಾರೆ. ಹಾಗೆ ಮಾಡಿದರೆ ಅದೇ ಸಂದಿಯಲ್ಲಿ ಪೆಟ್ರೋಲು ಜಿನುಗುತ್ತದೆ.

ಹೊಳೆಯ ನೀರು ಒಳ್ಳೆಯ ಅರ್ತೇ ಎಂದು ಕೇಳಬಹುದು. ಸ್ಥಾಯಿ ವಿದ್ಯುತ್ತಿಗೆ ಹೌದು, ಅದರ ಪ್ರವಾಹ ಅಷ್ಟು ಸಣ್ಣದು. 230 ವೋಲ್ಟಿನ ಕರೆಂಟಿಗೆ ಖಂಡಿತ ಅಲ್ಲ. ಕಡಲಿನ ಉಪ್ಪುನೀರಿಗೆ ಹೋಲಿಸಿದರೆ ಸಿಹಿನೀರಿನಲ್ಲಿ ವಿದ್ಯುತ್ತು ತೀರಾ ಕಷ್ಟದಿಂದ ಹರಿಯುತ್ತದೆ. ನೀರಿಗೆ ಕರೆಂಟು ಸೋರಿದರೂ ಫ್ಯೂಸು ಹೋಗುವುದಿಲ್ಲ. ಅಲ್ಲಿ ಈಜುತ್ತಿರುವವನ ಮೈಯೇ ಸುತ್ತಲಿನ ನೀರಿಗಿಂತ ಒಳ್ಳೆಯ ವಾಹಕ. ಕರೆಂಟು ಅವನ ಮೂಲಕ ಹಾಯುತ್ತದೆ, ಸ್ನಾಯುಗಳು ಸೆಟೆದು ಕೈಕಾಲು ಆಡದೆ ಮುಳುಗುತ್ತಾನೆ. ನೋಡಿದವರಿಗೆ ಈಜು ಬಾರದೆ ಸತ್ತಂತೆ ಕಾಣುತ್ತದೆ. ನಮ್ಮ ತೆಪ್ಪೋತ್ಸವಗಳ ಬಗ್ಗೆ ನನಗೆ ಕಳವಳವಾಗುವುದು ಇಲ್ಲಿಯೇ. ದೇವರ ತೆಪ್ಪಕ್ಕೆ ಸೀರಿಯಲ್ ಸೆಟ್ ಹಾಕಲು 230 ವೋಲ್ಟಿನ ವೈರನ್ನು ನೀರಿನ ಮೇಲೆ ಎಳೆಯುವುದಾಗಲಿ, ಪೆಟ್ರೋಲ್ ಜನರೇಟರನ್ನು ತೆಪ್ಪದ ಮೇಲೇ ಇಟ್ಟು ಕತ್ತಲಲ್ಲಿ ಪೆಟ್ರೋಲು ಸುರಿಯುವುದಾಗಲಿ ಬೇಡವೇ ಬೇಡ. 12 ವೋಲ್ಟಿನ ಬ್ಯಾಟರಿ, ಎಲ್‌ಇಡಿ ದೀಪ ಸಾಕು. ಉತ್ಸವಮೂರ್ತಿಯ ಮುಖ ಅಷ್ಟೇ ಚೆನ್ನಾಗಿ ಬೆಳಗುತ್ತದೆ.

ದೋಣಿಯೇ ಇಲ್ಲದವರಿಗೂ ಇದರಲ್ಲಿ ಪಾಲಿದೆ. ಕಳೆ ಕೊಚ್ಚುವ ಯಂತ್ರಕ್ಕೆ, ಔಷಧಿ ಹೊಡೆಯುವ ಮಷೀನಿಗೆ ಬಂಕಿನಿಂದ ಪ್ಲಾಸ್ಟಿಕ್ ಬಾಟಲಿಯಲ್ಲಿ ಪೆಟ್ರೋಲು ತರುವುದು ನಮ್ಮ ಕಡೆ ನಿತ್ಯದ ನೋಟ. 1934ರ ಪೆಟ್ರೋಲಿಯಂ ಕಾಯ್ದೆ ಲೈಸೆನ್ಸಿಲ್ಲದೆ 30 ಲೀಟರ್‌ವರೆಗೆ ಇಟ್ಟುಕೊಳ್ಳಲು ಬಿಟ್ಟರೂ ಅದಕ್ಕೆ ಹೆಸರಿಸಿದ ಪಾತ್ರೆಗಳು ಗಾಜು, ಪಿಂಗಾಣಿ, ಲೋಹ ಮಾತ್ರ; ಗಾಜಿನದು, ಪಿಂಗಾಣಿಯದು ಒಂದು ಲೀಟರ್ ಮೀರಬಾರದು, ಲೋಹದ್ದು 25 ಲೀಟರ್. ಲೋಹದ ಕ್ಯಾನನ್ನೂ ಬೈಕಿನ ಸೀಟಿನ ಮೇಲೋ ಆಟೋದ ರಬ್ಬರ್ ಮ್ಯಾಟಿನ ಮೇಲೋ ಇಟ್ಟು ತುಂಬಿಸಿದರೆ ಅದು ಮತ್ತೊಂದು ದ್ವೀಪವೇ. ಕೆಳಗಿಳಿಸಿ ನೆಲದ ಮೇಲಿಡಿ, ಬಂಕಿನ ನಳಿಕೆ ಕ್ಯಾನಿನ ಬಾಯಿಗೆ ತಾಗಿಕೊಂಡೇ ಇರಲಿ. ದೋಣಿಯ ಬಿಡಿ ಟ್ಯಾಂಕಿಗೂ ಇದೇ ಕ್ರಮ: ಮೋಟಾರಿನಿಂದ ಕಳಚಿ ದಡಕ್ಕೆ ತಂದು ಮಣ್ಣಿನ ಮೇಲಿಟ್ಟು ತುಂಬಿಸಬೇಕು. ಚೆಲ್ಲಿದ್ದು ಬಟ್ಟಲಿಗೆ ಬೀಳದೆ ನೆಲಕ್ಕೆ ಬೀಳುತ್ತದೆ, ವಿದ್ಯುತ್ತೂ ನೆಲಕ್ಕಿಳಿಯುತ್ತದೆ.

ಎಂಜಿನ್ನು ಒಳಗಿರುವ ದೋಣಿಗಳಲ್ಲಿ ಗಾಳಿ ಹೊರತಳ್ಳುವ ಫ್ಯಾನು ಇರುತ್ತದೆ. ಸ್ಟಾರ್ಟ್ ಮಾಡುವ ಮೊದಲು ಅದನ್ನು 4 ನಿಮಿಷ ಓಡಿಸಬೇಕು. ಆಮೇಲೆ ಬಗ್ಗಿ ತಳದ ಹತ್ತಿರ ಮೂಗು ಒಯ್ದು ಮೂಸಬೇಕು. ವಾಸನೆ ಇದ್ದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಕುಳಿತವರನ್ನು ಮೊದಲು ದಡಕ್ಕೆ ಇಳಿಸಬೇಕು.