ಹೆಪ್ಪುಗಟ್ಟಿಸಿಟ್ಟ ಮೂತ್ರದ ಮಾದರಿ: ಫಲಿತಾಂಶ ಎಷ್ಟು ನಂಬಲರ್ಹ?

ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಗ್ರಾಮಗಳಲ್ಲಿ ಆರೋಗ್ಯ ಶಿಬಿರ ಏರ್ಪಡಿಸುವಾಗ, ಸಂಗ್ರಹಿಸಿದ ಮೂತ್ರದ ಮಾದರಿಯನ್ನು ಫ್ರೀಜರಿನಲ್ಲಿಟ್ಟರೆ ಎಷ್ಟು ದಿನವಾದರೂ ಕೆಡದು ಎಂಬ ಭಾವನೆ ಬರುವುದು ಸಹಜ. ಇದು ಪೂರ್ಣ ಸತ್ಯವಲ್ಲ.

ಮಧುಮೇಹ ಹಾಗೂ ಅಧಿಕ ರಕ್ತದೊತ್ತಡವುಳ್ಳವರಲ್ಲಿ ಮೂತ್ರಪಿಂಡದ ಹಾನಿಯು ಆರಂಭದಲ್ಲಿ ಯಾವ ನೋವನ್ನೂ ಕೊಡುವುದಿಲ್ಲ. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಸೋರುವುದೇ ಅದರ ಮುನ್ಸೂಚನೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಅಲ್ಬುಮಿನ್ ಎಂಬುದು ಎಚ್ಚರಿಕೆಯ ಗಡಿ.

ಮೂತ್ರ ಹೆಪ್ಪುಗಟ್ಟುವಾಗ ನೀರು ಮೊದಲು ಮಂಜುಗಡ್ಡೆಯಾಗುತ್ತದೆ. ಲವಣಗಳು ಉಳಿದ ದ್ರವದಲ್ಲಿ ಸಾಂದ್ರಗೊಂಡು ಗಸಿಯಾಗಿ ತಳಕ್ಕಿಳಿಯುತ್ತವೆ. ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಿಂಗಳುಗಟ್ಟಲೆ ಇಟ್ಟ ಕೆಲವು ಮಾದರಿಗಳಲ್ಲಿ ಅಲ್ಬುಮಿನ್ ಛಿದ್ರಗೊಂಡು ಅಥವಾ ಗಸಿಯೊಡನೆ ಸೇರಿ, ಅಳತೆ ಕಡಿಮೆ ಬರುತ್ತದೆ. ಕ್ರಿಯಾಟಿನಿನ್ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಹೀಗಾಗಿ 35 ಇದ್ದ ಪ್ರಮಾಣ 30ಕ್ಕಿಂತ ಕೆಳಗಿಳಿದು, ರೋಗಿಯು ಆರೋಗ್ಯವಂತನೆಂದು ವರದಿಯಾಗಬಹುದು. ಈ ಇಳಿಕೆ ಎಲ್ಲ ಮಾದರಿಗಳಲ್ಲೂ ಸಮನಾಗಿರದ ಕಾರಣ ಲೆಕ್ಕಾಚಾರದಿಂದ ಸರಿಪಡಿಸಲು ಬಾರದು. ದೀರ್ಘಕಾಲ ಇಡಲೇಬೇಕಾದಲ್ಲಿ ಮೈನಸ್ 80 ಡಿಗ್ರಿಯ ಫ್ರೀಜರ್ ಅಗತ್ಯ.

ಪ್ರಾಥಮಿಕ ಆರೋಗ್ಯ ಕೇಂದ್ರದ ಡೀಪ್ ಫ್ರೀಜರ್ ಕಾರ್ಯನಿರ್ವಹಿಸುವುದು ಮೈನಸ್ 15ರಿಂದ 25 ಡಿಗ್ರಿಯಲ್ಲಿ. ಅದು ಲಸಿಕಾ ಕಾರ್ಯಕ್ರಮಕ್ಕೆ ಮೀಸಲಾದುದು. ಅದರಲ್ಲಿ ಮೂತ್ರದ ಮಾದರಿ ಇಡಕೂಡದು. ವಿದ್ಯುತ್ ಕಡಿತದಿಂದ ಮಾದರಿ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಇನ್ನೂ ಹೆಚ್ಚು.

ಎಲ್ಲ ಪರೀಕ್ಷೆಗಳಿಗೂ ಒಂದೇ ನಿಯಮವಿಲ್ಲ. ಅಯೋಡಿನ್ ಮೂಲಧಾತುವಾದ್ದರಿಂದ ಛಿದ್ರಗೊಳ್ಳದು. ಮುಚ್ಚಳ ಬಿಗಿಯಾಗಿದ್ದರೆ ಹೆಪ್ಪುಗಟ್ಟಿಸಿದ ಮಾದರಿಯೂ ದೀರ್ಘಕಾಲ ಉಪಯುಕ್ತ. ಸೂಕ್ಷ್ಮದರ್ಶಕ ಪರೀಕ್ಷೆಗಾದರೋ ಹೆಪ್ಪುಗಟ್ಟಿಸಿದ ಮಾದರಿ ನಿರುಪಯುಕ್ತ, ಏಕೆಂದರೆ ಜೀವಕೋಶಗಳು ಒಡೆದುಹೋಗುತ್ತವೆ. ಸೋಂಕಿನ ಕಲ್ಚರ್ ಪರೀಕ್ಷೆಗೂ ಅದು ಸಲ್ಲದು. ಇವೆರಡಕ್ಕೂ ತಾಜಾ ಮಾದರಿಯನ್ನು 2 ಗಂಟೆಯೊಳಗೆ ತಲುಪಿಸುವುದು ಉತ್ತಮ.

ಪಾಲಿಸಬೇಕಾದ ಕ್ರಮಗಳು:

1. ಯಾವ ಪರೀಕ್ಷೆ ಎಂಬುದನ್ನು ಪ್ರಯೋಗಾಲಯದೊಂದಿಗೆ ಮೊದಲೇ ನಿರ್ಧರಿಸುವುದು.
2. ಸಂಗ್ರಹಿಸಿದ ದಿನಾಂಕ ಮತ್ತು ಸಮಯವನ್ನು ಡಬ್ಬಿಯ ಮೇಲೆ ಬರೆಯುವುದು.
3. ಅಲ್ಬುಮಿನ್ ಪರೀಕ್ಷೆಯ ಮಾದರಿಯನ್ನು 2ರಿಂದ 8 ಡಿಗ್ರಿಯಲ್ಲಿಟ್ಟು ಒಂದು ವಾರದೊಳಗೆ ಪರೀಕ್ಷೆಗೊಳಪಡಿಸುವುದು.
4. ಹೆಪ್ಪುಗಟ್ಟಿಸಿದ್ದರೆ, ಕೋಣೆಯ ಉಷ್ಣತೆಗೆ ತಂದು, ಗಸಿ ಬೆರೆಯುವಂತೆ ಚೆನ್ನಾಗಿ ಕಲಕಿದ ನಂತರವೇ ಅಳೆಯುವುದು, ಮತ್ತೆ ಹೆಪ್ಪುಗಟ್ಟಿಸದಿರುವುದು.

ಎರಡೂ ತಾಲ್ಲೂಕು ಕೇಂದ್ರಗಳಿಂದ ಮೈಸೂರು ಸುಮಾರು ಒಂದು ಗಂಟೆಯ ಹಾದಿ. ಐಸ್ ಪ್ಯಾಕ್ ಇರುವ ಪೆಟ್ಟಿಗೆಯಲ್ಲಿ ಅದೇ ದಿನ ಕಳುಹಿಸಿದರೆ, ಹೆಪ್ಪುಗಟ್ಟಿಸುವ ಪ್ರಮೇಯವೇ ಬಾರದು.