ಊಟ ಬಡಿಸಿದ ಚದುರಂಗವೀರ

ದಿಲ್ಲಿಯ ಓಲ್ಡ್ ರಾಜಿಂದರ್ ನಗರವು 1947ರ ದೇಶವಿಭಜನೆಯ ತರುವಾಯ ಪಶ್ಚಿಮ ಪಂಜಾಬಿನಿಂದ ನಿರಾಶ್ರಿತರಾಗಿ ಬಂದವರು ನೆಲೆಯೂರಿದ ಬಡಾವಣೆ. ಅವರು ಬಿಟ್ಟುಬಂದ ಆ ಪಂಜಾಬಿನಲ್ಲಿಯೇ, ಈಗ ಪಾಕಿಸ್ತಾನಕ್ಕೆ ಸೇರಿದ ಮೀಠಾ ತಿವಾನಾ ಎಂಬ ಹಳ್ಳಿಯಲ್ಲಿ, ಮೀರ್ ಸುಲ್ತಾನ್ ಖಾನರು ಹುಟ್ಟಿದರು. ಆದರೆ ಅವರ ಕೀರ್ತಿಗೆ ನಾಂದಿಯಾದುದು ದಿಲ್ಲಿ. 1928ರಲ್ಲಿ ಆ ನಗರದಲ್ಲಿ ನಡೆದ ಅಖಿಲ ಭಾರತ ಚದುರಂಗ ಸ್ಪರ್ಧೆಯಲ್ಲಿ ಒಂಬತ್ತು ಆಟಗಳ ಪೈಕಿ ಎಂಟನ್ನು ಗೆದ್ದು, ಒಂದನ್ನು ಸಮ ಮಾಡಿಕೊಂಡು ಅವರು ಪ್ರಥಮರಾದರು.

ಮರುವರ್ಷ ಅವರ ಆಶ್ರಯದಾತ, ಜಮೀನ್ದಾರ ಸರ್ ಉಮರ್ ಹಯಾತ್ ಖಾನರು ಅವರನ್ನು ಲಂಡನ್ನಿಗೆ ಕರೆದೊಯ್ದರು. ಹೋದ ಕೆಲವೇ ತಿಂಗಳಲ್ಲಿ ಸುಲ್ತಾನ್ ಖಾನರು ಬ್ರಿಟಿಷ್ ಚಾಂಪಿಯನ್ನರಾದರು! 1932 ಮತ್ತು 1933ರಲ್ಲಿಯೂ ಆ ಪಟ್ಟ ಅವರದೇ ಆಯಿತು.

ಈ ಗೆಲುವಿನ ಸೋಜಿಗವನ್ನು ಅರಿಯಬೇಕಾದರೆ ನಮ್ಮ ಜಗಲಿಯ ಚದುರಂಗವನ್ನು ನೆನೆಯಬೇಕು. ಅಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದುವರಿಯುತ್ತದೆ. ರಾಜನನ್ನೂ ಆನೆಯನ್ನೂ ಒಮ್ಮೆಲೇ ಸರಿಸಿ ಕೋಟೆ ಕಟ್ಟುವ ಐರೋಪ್ಯ ಕ್ರಮವಿಲ್ಲ. ಸುಲ್ತಾನ್ ಖಾನರು ಬೆಳೆದದ್ದು ಈ ನಿಧಾನದ ಆಟದಲ್ಲಿ. ಪಾಶ್ಚಾತ್ಯ ನಿಯಮಗಳನ್ನು ಕಲಿತದ್ದು ಪ್ರಾಯಕ್ಕೆ ಬಂದ ಮೇಲೆ. ಇಂಗ್ಲಿಷು ಅಷ್ಟಾಗಿ ಬಾರದ ಅವರಿಗೆ ಆರಂಭದ ನಡೆಗಳನ್ನು ವಿವರಿಸುವ ಗ್ರಂಥಗಳ ನೆರವೂ ಒದಗಲಿಲ್ಲ. ಆದ್ದರಿಂದ ಅವರ ಆರಂಭವು ಅನೇಕ ಸಲ ದುರ್ಬಲವಾಗಿರುತ್ತಿತ್ತು. ಆಟ ನಡುವಿಗೆ ಬಂದಿತೆಂದರೆ ಚಿತ್ರವೇ ಬೇರೆ. ಮಿಂಚಿನ ದಾಳಿಗಿಂತ ಸಹನೆಯೇ ಅವರ ಆಯುಧ. ಎದುರಾಳಿಯ ಉಸಿರಾಟಕ್ಕೆ ಎಡೆ ಕಿರಿದಾಗುತ್ತ ಹೋಗುವುದು ಅವನಿಗೇ ತಡವಾಗಿ ತಿಳಿಯುತ್ತಿತ್ತು. ಕಾಯಿಗಳು ಕಡಿಮೆಯಾದ ಕೊನೆಯ ಘಟ್ಟದಲ್ಲಂತೂ ಅವರನ್ನು ಮೀರಿಸುವವರು ವಿರಳ.

1930-31ರ ಹೇಸ್ಟಿಂಗ್ಸ್ ಸ್ಪರ್ಧೆಯಲ್ಲಿ ಮಾಜಿ ವಿಶ್ವಚಾಂಪಿಯನ್ ಕಾಪಾಬ್ಲಾಂಕಾರಿಗೆ ಇದರ ಅನುಭವವಾಯಿತು. ಅವರ ಮಂತ್ರಿ ಸಿಕ್ಕಿಬಿದ್ದಿತು; ಎರಡು ಆನೆಗಳಿಗೆ ಬದಲಾಗಿ ಅದನ್ನು ತೆರಬೇಕಾಯಿತು. ಅಲ್ಲಿಂದ ಮುಂದೆ ಸುಲ್ತಾನ್ ಖಾನರು ಅವಸರಿಸಲಿಲ್ಲ. 65ನೆಯ ನಡೆಗೆ ಜಯ ಅವರದಾಯಿತು. 1931ರಲ್ಲಿ ಟಾರ್ಟಕೋವರ್‌ರನ್ನು ಹನ್ನೆರಡು ಆಟಗಳ ಪಂದ್ಯದಲ್ಲಿ ಸೋಲಿಸಿದರು. ಅದೇ ವರ್ಷ ಪ್ರಾಗ್ ನಗರದ ಒಲಿಂಪಿಯಾಡಿನಲ್ಲಿ ರೂಬಿನ್‌ಸ್ಟೈನ್‌ರನ್ನು ಗೆದ್ದು, ಆಗಿನ ವಿಶ್ವಚಾಂಪಿಯನ್ ಅಲೆಖೈನ್‌ರೊಡನೆ ಸಮ ಮಾಡಿಕೊಂಡರು. ಲಂಡನ್ನಿನ ಚಳಿ ಮೈಗೆ ಒಗ್ಗದೆ, ಕೊರಳಿಗೆ ಬಟ್ಟೆ ಸುತ್ತಿಕೊಂಡು ಆಡಿದ ದಿನಗಳೂ ಉಂಟು.

ಉಪಾಹಾರಗೃಹಗಳಲ್ಲಿ ದುಡಿಯುವ ನಮ್ಮ ಬಂಧುಗಳು ಒಂದು ಪ್ರಸಂಗವನ್ನು ವಿಶೇಷವಾಗಿ ಗಮನಿಸಬೇಕು. 1933ರಲ್ಲಿ ಸರ್ ಉಮರರ ಲಂಡನ್ ಮನೆಗೆ ಅಮೆರಿಕದ ಚದುರಂಗ ತಂಡವು ಔತಣಕ್ಕೆ ಹೋಗಿತ್ತು. ಊಟ ಬಡಿಸಲು ಬಂದವರು ಸುಲ್ತಾನ್ ಖಾನರು! ಇಂಥ ಆಟಗಾರನಿಂದ ಬಡಿಸಿಕೊಳ್ಳಬೇಕಾದ ಮುಜುಗರವನ್ನು ಅತಿಥಿ ರೂಬೆನ್ ಫೈನ್ ಮುಂದೆ ಬರೆದರು. ಸುಲ್ತಾನ್ ಖಾನರನ್ನು ಸೇವಕರೆಂದು ಕರೆಯುವುದನ್ನು ಅವರ ಮೊಮ್ಮಗಳು ಒಪ್ಪುವುದಿಲ್ಲ. ತಮ್ಮದು ಭೂಮಿಕಾಣಿಯುಳ್ಳ ಮನೆತನವೆಂಬುದು ಅವರ ವಾದ. ವಾದ ಹೇಗೇ ಇರಲಿ, ಬಡಿಸಿದ್ದರಲ್ಲಿ ಕುಂದೇನಿದೆ? ಅಂದು ಮುಜುಗರಪಡಬೇಕಾದವರು ಯಜಮಾನರೇ ಹೊರತು ಬಡಿಸಿದವರಲ್ಲ. ಅದೇ ಮನೆಯ ಪರಿಚಾರಿಕೆ ಫಾತಿಮಾ ಎಂಬವರೂ ಆ ವರ್ಷವೇ ಬ್ರಿಟಿಷ್ ಮಹಿಳಾ ಚಾಂಪಿಯನ್ನರಾಗಿದ್ದರು.

ಆ ವರ್ಷದ ಕೊನೆಗೆ ಯಜಮಾನರು ಸ್ವದೇಶಕ್ಕೆ ಹೊರಟರು. ಸುಲ್ತಾನ್ ಖಾನರೂ ಹೊರಟರು. ಐರೋಪ್ಯ ರಂಗದಲ್ಲಿ ಅವರ ಆಟ ಐದು ವರ್ಷಕ್ಕೂ ಕಡಿಮೆ. ಆಮೇಲೆ ಊರಲ್ಲಿ ಬೇಸಾಯ. 1950ರಲ್ಲಿ ಅಂತಾರಾಷ್ಟ್ರೀಯ ಚದುರಂಗ ಸಂಸ್ಥೆಯಾದ ಫಿಡೆ 27 ಮಂದಿಗೆ ಗ್ರ್ಯಾಂಡ್ ಮಾಸ್ಟರ್ ಬಿರುದನ್ನಿತ್ತಿತು. ಬಹುಕಾಲದಿಂದ ಆಡದಿದ್ದ ರೂಬಿನ್‌ಸ್ಟೈನ್‌ರ ಹೆಸರು ಅದರಲ್ಲಿತ್ತು. ಅವರನ್ನು ಸೋಲಿಸಿದವರ ಹೆಸರಿರಲಿಲ್ಲ. ಆಡುವುದನ್ನು ಬಿಟ್ಟದ್ದೇ ಕಾರಣವೆನ್ನಲು ಬರುವಂತಿಲ್ಲ. 1966ರಲ್ಲಿ ಸರ್ಗೋಧಾದಲ್ಲಿ ಸುಲ್ತಾನ್ ಖಾನರು ತೀರಿಕೊಂಡರು. 2024ರ ಫೆಬ್ರವರಿಯಲ್ಲಿ ಫಿಡೆ ಅವರಿಗೆ ಗೌರವ ಗ್ರ್ಯಾಂಡ್ ಮಾಸ್ಟರ್ ಪದವಿಯನ್ನು ಕೊಟ್ಟಿತು. ಪ್ರಶಸ್ತಿಯನ್ನು ಸ್ವೀಕರಿಸಿದವರು ಪಾಕಿಸ್ತಾನದ ಅಂದಿನ ಉಸ್ತುವಾರಿ ಪ್ರಧಾನಿ.