ಹೆಣ್ಣುಮಕ್ಕಳಿಗೆ ಧೀರ ಮಹಿಳೆಯರ ಆದರ್ಶ: ಚೆನ್ನಮ್ಮಾಜಿಯಿಂದ ಸೀತವ್ವನವರೆಗೆ



ಪ್ರತಿ ವರ್ಷ ಅಕ್ಟೋಬರ್ 23 ಸಮೀಪಿಸಿದಂತೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಊರುಗಳಲ್ಲಿ ವೀರರಾಣಿ ಕಿತ್ತೂರು ಚೆನ್ನಮ್ಮಾಜಿಯ ಸ್ಮರಣೆ ನಡೆಯುತ್ತದೆ. ಬಾಲಕಿಯರು ಕಚ್ಚೆ ಸೀರೆಯುಟ್ಟು, ರಟ್ಟಿನ ಖಡ್ಗ ಹಿಡಿದು ವೇದಿಕೆಯೇರುತ್ತಾರೆ. ಹಿರಿಯರು ಮನತುಂಬಿ ಚಪ್ಪಾಳೆ ತಟ್ಟುತ್ತಾರೆ. ಹೀಗೆ ಚೆನ್ನಮ್ಮಾಜಿಯಾಗಿ ನಿಂತಿದ್ದ ಒಬ್ಬ ಬಾಲಕಿಯ ಕುಶಲವನ್ನು ಎರಡು ವರ್ಷಗಳ ತರುವಾಯ ವಿಚಾರಿಸಿದಾಗ, "ಹತ್ತನೆಯದು ಮುಗಿಯಿತ್ರಿ, ಇನ್ನ ಓದು ಸಾಕಂತ ವರ ನೋಡಾಕ ಹತ್ತ್ಯಾರ" ಎಂಬ ಉತ್ತರ ಬಂದಿತು. ಆ ಮಗುವಿಗೆ ನಾವೆಲ್ಲ ಸೇರಿ ಕೊಟ್ಟದ್ದು ಚೆನ್ನಮ್ಮಾಜಿಯ ವೇಷವನ್ನೋ, ಧೈರ್ಯವನ್ನೋ? ಈ ಪ್ರಶ್ನೆಯೇ ಪ್ರಸ್ತುತ ಲೇಖನಕ್ಕೆ ಕಾರಣ.

ಶರಣ ಪರಂಪರೆಯ ದೀಕ್ಷೆ

ತನ್ನ ಅಕ್ಕ ನಾಗಮ್ಮನಿಗಿಲ್ಲದ ಸಂಸ್ಕಾರ ತನಗೂ ಬೇಡವೆಂದು ಬಾಲಕ ಬಸವಣ್ಣನವರು ಉಪನಯನವನ್ನು ನಿರಾಕರಿಸಿದರೆಂಬುದು ನಮ್ಮ ಪರಂಪರೆಯ ನಂಬಿಕೆ. ಲಿಂಗಾಯತ ಧರ್ಮದ ಸಮಾನತೆಯ ಮೊದಲ ಪಾಠ ಹೆಣ್ಣುಮಗುವಿನ ವಿಷಯದಲ್ಲಿಯೇ ಆರಂಭವಾಯಿತು. ಗಂಡುಮಗುವಿಗೆ ಕಟ್ಟುವ ಇಷ್ಟಲಿಂಗವನ್ನೇ ಹೆಣ್ಣುಮಗುವಿಗೂ ಕಟ್ಟುತ್ತೇವೆ. ಅದರಲ್ಲಿ ಹಿರಿದು ಕಿರಿದೆಂಬುದಿಲ್ಲ. ಅಕ್ಕಮಹಾದೇವಿಯವರು ಒಲ್ಲದ ಸಂಸಾರವನ್ನು ತೊರೆದು ಏಕಾಂಗಿಯಾಗಿ ಕಲ್ಯಾಣಕ್ಕೆ ಬಂದು, ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳ ನಿಷ್ಠುರ ಪ್ರಶ್ನೆಗಳಿಗೆ ಎದುರು ನಿಂತು ಉತ್ತರಿಸಿದರು. ಕಲ್ಯಾಣದ ಕ್ರಾಂತಿಯ ಬಳಿಕ ವಚನ ಸಾಹಿತ್ಯವನ್ನು ಕಾಪಾಡಲು ಹೊರಟ ಶರಣರೊಡನೆ ಅಕ್ಕನಾಗಮ್ಮ, ಗಂಗಾಂಬಿಕೆಯರೂ ಇದ್ದರು. ನಮ್ಮ ಜಿಲ್ಲೆಯ ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಮಡಿಲಲ್ಲಿರುವ ಗಂಗಾಂಬಿಕೆಯವರ ಐಕ್ಯಸ್ಥಳ ಆ ನೆನಪನ್ನು ಇಂದಿಗೂ ಉಳಿಸಿದೆ.

ಕಾಕತಿಯ ಮಗಳು

ಚೆನ್ನಮ್ಮಾಜಿಯವರು 1778ರಲ್ಲಿ ಬೆಳಗಾವಿಯ ಸಮೀಪದ ಕಾಕತಿಯ ದೇಸಾಯಿ ಮನೆತನದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಕುದುರೆ ಸವಾರಿ, ಕತ್ತಿವರಸೆ, ಬಿಲ್ವಿದ್ಯೆ ಕಲಿತರು. ಮಲಮಗ ಶಿವಲಿಂಗರುದ್ರಸರ್ಜನು 1824ರಲ್ಲಿ ತೀರಿಕೊಂಡಾಗ, ದತ್ತು ಪುತ್ರನ ಹಕ್ಕನ್ನು ಒಪ್ಪದ ಈಸ್ಟ್ ಇಂಡಿಯಾ ಕಂಪನಿ ಕಿತ್ತೂರನ್ನು ಕಬಳಿಸಲು ಮುಂದಾಯಿತು. ಅಕ್ಟೋಬರ್ 23ರಂದು ಕಿತ್ತೂರಿನ ಸೈನ್ಯದ ಎದುರು ಕಂಪನಿ ಸೋತಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಹೆಚ್ಚಿನ ಬಲದೊಂದಿಗೆ ಮರಳಿ ಬಂದ ಕಂಪನಿ ಕೋಟೆಯನ್ನು ವಶಪಡಿಸಿಕೊಂಡಿತು. ರಾಣಿಯವರು ಬೈಲಹೊಂಗಲದ ಸೆರೆಯಲ್ಲಿಯೇ 1829ರ ಫೆಬ್ರವರಿಯಲ್ಲಿ ಲಿಂಗೈಕ್ಯರಾದರು.

ಯುದ್ಧದ ದಿನ ಬೆಳಗಾಗುತ್ತಲೇ ಧೈರ್ಯ ಹುಟ್ಟಲಿಲ್ಲವೆಂಬುದನ್ನು ನಾವು ಮರೆಯುತ್ತೇವೆ. ನಾಲ್ಕು ದಶಕಗಳ ಹಿಂದೆ ಕಾಕತಿಯ ಒಂದು ಮನೆ ತನ್ನ ಮಗಳಿಗೆ ಕುದುರೆಯ ಲಗಾಮು ಕೊಟ್ಟಿತ್ತು. ಕಿತ್ತೂರಿನ ವಿಜಯದ ಬೀಜ ಅಲ್ಲಿದೆ.

ನಿಪ್ಪಾಣಿಯ ತಾಯಂದಿರು

ಧೈರ್ಯಕ್ಕೆ ಅರಮನೆಯೇ ಬೇಕೆಂದಿಲ್ಲ. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ದಿನವಿಡೀ ಹೊಗೆಸೊಪ್ಪಿನ ಧೂಳು ಕುಡಿಯುತ್ತ, ಅಲ್ಪ ಕೂಲಿಗೆ ದುಡಿಯುತ್ತಿದ್ದ ಸಾವಿರಾರು ಮಹಿಳೆಯರು ಅಂಜಿಕೆಯನ್ನು ಬದಿಗಿಟ್ಟು ಸಂಘಟಿತರಾದರು. ಮುಷ್ಕರ ಹೂಡಿ, ನ್ಯಾಯವಾದ ಕೂಲಿಯನ್ನೂ ಮರ್ಯಾದೆಯನ್ನೂ ಕೇಳಿದರು. ಅವರ ಹೋರಾಟವನ್ನು 'ಯುಗಾಂತರ್' ಎಂಬ ಮಹಿಳಾ ತಂಡ 1982ರಲ್ಲಿ ಸಾಕ್ಷ್ಯಚಿತ್ರವಾಗಿ ದಾಖಲಿಸಿದೆ. ಕಾಯಕದ ಗೌರವಕ್ಕಾಗಿ ದನಿಯೆತ್ತಿದ ಆ ತಾಯಂದಿರ ಮೊಮ್ಮಕ್ಕಳು ಇಂದು ನಮ್ಮ ನಡುವೆಯೇ ಶಾಲೆಗೆ ಹೋಗುತ್ತಿದ್ದಾರೆ. ಅಜ್ಜಿಯ ಕಥೆಯನ್ನು ಅವರಿಗೆ ಹೇಳಿದವರೆಷ್ಟು ಮಂದಿ?

ಕಬ್ಬೂರಿನ ಸೀತವ್ವ

ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿಯವರನ್ನು ಏಳನೆಯ ವಯಸ್ಸಿನಲ್ಲಿ ದೇವದಾಸಿಯಾಗಿ ಬಿಡಲಾಯಿತು. ಆಡುವ ವಯಸ್ಸಿನ ಮಗು. ಬೇಡವೆನ್ನಲು ಮಾತಿಲ್ಲ, ಅಂದರೂ ಕೇಳುವವರಿಲ್ಲ. ದೇವರ ಹೆಸರಿನಲ್ಲಿ ನಡೆಯುವ ಈ ಅನ್ಯಾಯವನ್ನು ನಿಷೇಧಿಸಿ ರಾಜ್ಯವು 1982ರಲ್ಲಿಯೇ ಶಾಸನ ರೂಪಿಸಿತಾದರೂ ರೂಢಿ ಒಮ್ಮೆಲೇ ನಿಲ್ಲಲಿಲ್ಲ. ಸೀತವ್ವನವರು ತಮ್ಮ ನೋವನ್ನು ಮುಚ್ಚಿಡದೆ, ಮಾಜಿ ದೇವದಾಸಿಯರೇ ಕಟ್ಟಿದ ಘಟಪ್ರಭಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯ ಮೂಲಕ ಸಾವಿರಾರು ಸಹೋದರಿಯರಿಗೆ ಆಸರೆಯಾದರು. ತಮಗಾದುದು ಮತ್ತೊಂದು ಮಗುವಿಗೆ ಆಗಬಾರದೆಂಬುದೇ ಅವರ ಹಟ. ಅವರಿಗೆ 2018ರಲ್ಲಿ ಪದ್ಮಶ್ರೀ ಪುರಸ್ಕಾರ ಸಂದಿತು. ನಮ್ಮ ಬಾಲಕಿಯರಿಗೆ ಚೆನ್ನಮ್ಮಾಜಿಯನ್ನು ಪರಿಚಯಿಸುವಾಗ, ಪಕ್ಕದ ಊರಿನ ಈ ತಾಯಿಯನ್ನೂ ಪರಿಚಯಿಸಬೇಕು. ಆಗ ಧೈರ್ಯವೆಂಬುದು ಇತಿಹಾಸದ ಪುಟದಿಂದ ಇಳಿದು ಓಣಿಗೆ ಬರುತ್ತದೆ.

ಭಕ್ತರಲ್ಲಿ ವಿನಂತಿ

ಹದಿನೆಂಟು ತುಂಬದ ಹೆಣ್ಣುಮಗಳ ವಿವಾಹ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯನ್ವಯ ಅಪರಾಧ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ವಿವಾಹ ಆರಂಭದಿಂದಲೇ ಅಸಿಂಧು. ನಿಶ್ಚಯಿಸಿದ ಪಾಲಕರು ಮಾತ್ರವಲ್ಲ, ಅದನ್ನು ನೆರವೇರಿಸಿದವರೂ ಶಿಕ್ಷಾರ್ಹರು. ಆದ್ದರಿಂದ ಅಕ್ಷತೆ ಹಿಡಿಯುವ ಮುನ್ನ ವಧುವಿನ ವಯಸ್ಸನ್ನು ಕೇಳುವುದು ಬಂಧುಗಳ, ಜಂಗಮರ, ಗ್ರಾಮದ ಹಿರಿಯರ ಕರ್ತವ್ಯ. ಸಂಕಟದಲ್ಲಿರುವ ಮಗುವಿನ ನೆರವಿಗೆ 1098 ಎಂಬ ಉಚಿತ ದೂರವಾಣಿ ಇದೆ; ಆ ಸಂಖ್ಯೆ ಪ್ರತಿ ಹೆಣ್ಣುಮಗಳಿಗೂ ಕಂಠಪಾಠವಾಗಿರಲಿ.

ಕಾಲೇಜು ದೂರವೆಂಬ, ಬಸ್ಸಿಲ್ಲವೆಂಬ ಪಾಲಕರ ಅಳಲು ಸುಳ್ಳಲ್ಲ. ಅದಕ್ಕೆ ಓದು ಬಿಡಿಸುವುದು ಪರಿಹಾರವಲ್ಲ. ಒಂದೇ ಊರಿನ ನಾಲ್ಕು ಮನೆಯವರು ಕೂಡಿದರೆ ನಾಲ್ವರು ಬಾಲಕಿಯರು ಜೊತೆಯಾಗಿ ಹೋಗಿಬರಲು ಸಾಧ್ಯ.

ಎಲ್ಲಕ್ಕಿಂತ ಮೊದಲಿನದು ಮನೆಯೊಳಗಿನ ಮಾತು. ಮಗಳು "ಬ್ಯಾಡ" ಎಂದಾಗ ಅದನ್ನು ಉದ್ಧಟತನವೆಂದು ಬಗೆಯದೆ, ಏಕೆ ಎಂದು ಕೇಳೋಣ. ತಂದೆತಾಯಿಗಳ ಎದುರು ಸತ್ಯ ನುಡಿಯಲು ಅಂಜುವ ಮಗು ಲೋಕದ ಎದುರು ಹೇಗೆ ನಿಂತೀತು? ಬರುವ ವಿಜಯೋತ್ಸವದಲ್ಲಿ ರಟ್ಟಿನ ಖಡ್ಗವೂ ಇರಲಿ. ವೇದಿಕೆಯಿಂದಿಳಿದ ಆ ಮಗುವನ್ನು ಹತ್ತಿರ ಕರೆದು, ಮುಂದೆ ಏನು ಓದಬೇಕೆಂದಿರುವೆ ತಾಯಿ ಎಂದು ಕೇಳುವ ಹಿರಿಯರೂ ಅಲ್ಲಿರಲಿ.